ಅಪ್ಪನ ಖಾಕಿ ಅಂಗಿಗೆ ಕಸೂತಿ ಹಾಕಿದ್ದು

ಖಾಕಿ ಡ್ರಿಲ್ ಬಟ್ಟೆ ಮೇಲೆ ಕಸೂತಿ ಕೂರಲ್ಲ ಅಂತ ಧಾರವಾಡದಲ್ಲಿ ಗೊತ್ತಿದ್ದವರೆಲ್ಲ ಹೇಳಿದ್ದರು. ಕಸೂತಿ ಅಂದರೆ ಬಟ್ಟೆಯ ಎಳೆ ಎಣಿಸಿ ಹಾಕೋದು. ಇಳಕಲ್ ಸೀರೆಯಾದರೆ ಎಳೆ ಎಣಿಸಬಹುದು. ಡ್ರಿಲ್‌ನಲ್ಲಿ ನೇಯ್ಗೆಯೇ ಓರೆ, ಮೇಲಾಗಿ ಬಿಗಿ. ಆದರೆ ನನಗೆ ಅದೇ ಬೇಕಿತ್ತು. ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಅವರ ಅಂಗಿ ಮೇಲೆ ಅವ್ವನ ಕಪ್ಪು ಚಂದ್ರಕಾಳಿ ಸೀರೆಯ ಮೇಲಿನ ಗೋಪುರ, ತುಳಸಿಕಟ್ಟೆ, ಆನೆ ಬರಬೇಕು. ನಮ್ಮ ಮನೆಯಲ್ಲಿ ಗಂಡಸು ಅಂದರೆ ಆ ಅಂಗಿ, ಹೆಂಗಸು ಅಂದರೆ ಆ ಸೀರೆ. ನಾನು ಎರಡರಲ್ಲೂ ಪೂರ್ತಿ ಹಿಡಿಸುವವನಲ್ಲ. "ಗಂಡಸಾಗಿ ಸೂಜಿ ಹಿಡ್ಕೊಂಡು ಕುಂತಾನ" ಅಂತಿದ್ದ ಕಾಕೂನೇ ಆಮೇಲೆ ನನ್ನ ಮುರ್ಗಿ, ಅಂದರೆ ಮೆಟ್ಟಿಲಿನಂತೆ ಅಂಕುಡೊಂಕಾಗಿ ಹೋಗುವ ಕಸೂತಿ ಹೊಲಿಗೆ, ತಿದ್ದಿದರು.

ಎಳೆ ಎಣಿಸಲಾಗದ ಬಟ್ಟೆಗೆ ಒಂದು ದಾರಿ ಇದೆ: ಕಣ್ಣು ಕಣ್ಣಾಗಿರುವ ಜಾಲಿ ಕ್ಯಾನ್ವಾಸ್ ಮೇಲಿಟ್ಟು, ಅದರ ಕಣ್ಣು ಎಣಿಸಿ ಕಸೂತಿ ಹಾಕಿ, ಆಮೇಲೆ ಒದ್ದೆ ಮಾಡಿ ಕ್ಯಾನ್ವಾಸಿನ ಎಳೆಗಳನ್ನು ಕಿತ್ತುಬಿಡೋದು. ತೊಂದರೆ ಶುರುವಾಗಿದ್ದು ಅಲ್ಲೇ. ಮೊಂಡು ಸೂಜಿ ಡ್ರಿಲ್‌ಗೆ ಇಳಿಯಲ್ಲ. ಚೂಪು ಸೂಜಿ ಕ್ಯಾನ್ವಾಸ್ ಎಳೆಯನ್ನೇ ಸೀಳುತ್ತದೆ. ಸೀಳಿದ ಎಳೆ ಕಸೂತಿಗೆ ಸಿಕ್ಕಿಕೊಂಡರೆ ಜಪ್ಪಯ್ಯ ಅಂದರೂ ಹೊರಗೆ ಬರಲ್ಲ. ಎರಡು ಮೂರು ಅಂಗಿ ಹೀಗೇ ಹಾಳಾದವು. ಕ್ಯಾನ್ವಾಸ್, ದಾರ, ಹಳೇ ಅಂಗಿ ಎಲ್ಲಾ ಸೇರಿ 5 ಸಾವಿರ ಹೋಗಿರಬೇಕು. ಕ್ಯಾನ್ವಾಸ್ ಬದಲು ನೀರಲ್ಲಿ ಕರಗುವ ಹಾಳೆಯನ್ನೂ ತರಿಸಿದೆ. ದುಬಾರಿ, ಅದರ ಮೇಲೆ ಅಂಟು ಬೇರೆ.

ಕೊನೆಗೆ ಕೆಲಸ ಕೊಟ್ಟಿದ್ದು ಹೀಗೆ: ಸೂಜಿಯನ್ನು ಒಂದೇ ಸಲ ಹಾಯಿಸದೆ, ಕ್ಯಾನ್ವಾಸಿನ ಕಣ್ಣಿನ ನಡುವೆ ನೆಟ್ಟಗೆ ಇಳಿಸಿ ಕೆಳಗಿನಿಂದ ಎಳೆದುಕೊಳ್ಳೋದು. ದಾರ ಎರಡೇ ಎಳೆ. ಕ್ಯಾನ್ವಾಸ್ ಕಿತ್ತ ಮೇಲೆ ಅದರ ದಪ್ಪದಷ್ಟು ದಾರ ಸಡಿಲವಾಗುತ್ತದಲ್ವಾ, ಅದಕ್ಕೆ ಮೊದಲೇ ಒಂಚೂರು ಬಿಗಿ ಹಿಡಿಯಬೇಕು. ಎಷ್ಟು ಅನ್ನೋದು ಕೈಗೇ ಗೊತ್ತಾಗಬೇಕು. ಒದ್ದೆ ಮಾಡುವ ನೀರಿಗೆ ಏನು ಬೆರೆಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ!

ನಡುವೆ ಸುಮ್ನೆ ಲುಂಗಿ ಮೇಲೂ ನೋಡಿದೆ. ಗವಂತಿ, ಅಂದರೆ ಹೋದ ಗೆರೆಯಲ್ಲೇ ವಾಪಸ್ ಬಂದು ಬಿಟ್ಟ ಜಾಗ ತುಂಬುವ ಕಸೂತಿ ಹೊಲಿಗೆ, ಸಲೀಸಾಗಿ ಬಂತು, ಚೌಕಳಿಯೇ ಲೆಕ್ಕ ಹಿಡಿದುಕೊಡುತ್ತದೆ. ಬನಿಯನ್ ಮಾತ್ರ ಬೇಡ, ಜಗ್ಗಿ ಆನೆ ಹಂದಿಯಾಯಿತು.

ಒಂದು ಗ್ಯಾಲರಿಯವರು "ಇದು ಕರಕುಶಲ, ಮೇಳಕ್ಕೆ ಒಯ್ಯಿರಿ" ಅಂದರು. ಶಿಲ್ಪಿ ಮೃಣಾಲಿನಿ ಮುಖರ್ಜಿ 1970ರ ದಶಕದಲ್ಲೇ ಹುರಿಗೆ ಗಂಟು ಹಾಕಿ ಆಳೆತ್ತರದ ಶಿಲ್ಪ ನಿಲ್ಲಿಸಿದ್ದರು, ಇವರಿಗೆ ಇನ್ನೂ ಸೂಜಿ ಕಂಡರೆ ಮೇಳವೇ ನೆನಪಾಗುತ್ತದೆ. ಎರಡನೇ ಅಂಗಿ ಬೆಂಗಳೂರಿನ ಒಬ್ಬರು ಸುಮಾರು 18 ಸಾವಿರಕ್ಕೆ ತೆಗೆದುಕೊಂಡರು. ಅಪ್ಪನದ್ದು ಮಾರಲ್ಲ. ಅದನ್ನು ಒಳಮೈ ಹೊರಗೆ ಮಾಡಿಯೂ ಹಾಕಿಕೊಳ್ಳುತ್ತೇನೆ. ಗವಂತಿ, ಮುರ್ಗಿ ಎರಡೂ ಕಡೆ ಒಂದೇ ಥರ ಕಾಣುತ್ತವೆ, ಹೊರಗೆ ಬರೋದು ಅಂಗಿ ಹೊಲಿದ ಅಂಚು ಮಾತ್ರ.

ಈಗ ಪ್ಯಾಂಟಿಗೆ ಕೈ ಹಾಕಿದ್ದೇನೆ. ಸೊಂಟಪಟ್ಟಿ ಹತ್ತಿರ ನಾಲ್ಕು ಪದರ ಬಟ್ಟೆ, ಸೂಜಿ ಮುರಿಯುತ್ತಲೇ ಇದೆ.