ಸಾಲಿನ ಕೊನೆಯಲ್ಲಿ ನನಗೊಂದು ಜಾಗ

ಪುಣೆಗೆ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗ ಹುಡುಗಿಯರು ನನ್ನನ್ನು ಕೇಳುವ ಮಾತು ಹೆಚ್ಚುಕಡಿಮೆ ಒಂದೇ. "ಅಕ್ಕಾರ, ಇಲ್ಲಿನ ರೈಡಿಂಗ್ ಗ್ರೂಪ್‌ನ್ಯಾಗ ನಮ್ಮನ್ನ ತಗೋತಾರೇನ್ರಿ? ಮರಾಠಿ ಬರಂಗಿಲ್ಲ, ದೊಡ್ಡ ಬೈಕೂ ಇಲ್ಲ." ನಾನು ಬಂದಾಗ ನನ್ನ ಪರಿಸ್ಥಿತಿಯೂ ಹೀಗೇ ಇತ್ತು. ಊರು ಹಾವೇರಿ, ಕೆಲಸ ಭೋಸರಿಯ ಕೈಗಾರಿಕಾ ಪ್ರದೇಶದಲ್ಲಿ (ಎಂಐಡಿಸಿ), ಬೈಕು 150 ಸಿಸಿ ಪಲ್ಸರ್, ನಂಬರ್ ಕೆಎ-27. ಮೇಲಾಗಿ ಹೆಂಗಸು. ಇವತ್ತು ಆ ಗುಂಪೇ ನನ್ನ ಭಾನುವಾರ, ನನ್ನ ಹಬ್ಬ, ಜ್ವರ ಬಂದರೆ ಗಂಜಿ ತಂದುಕೊಡುವ ಬಳಗ. ಅಲ್ಲಿಗೆ ಹೇಗೆ ತಲುಪಿದೆ ಅಂತ ಹೇಳುತ್ತೇನೆ.

ಮೊದಲು ಹೋಗಿದ್ದು ಬೇರೆ ಒಂದು ಗುಂಪಿನ ಜೊತೆ, ಲೋಣಾವಳಕ್ಕೆ. ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕಿಗೆ ಪ್ರವೇಶ ಇಲ್ಲ. ಹಾಗಾಗಿ ದೇಹು ರೋಡ್, ಕಾಮ್‌ಶೇತ್ ಮೇಲೆ ಹಳೇ ಹೆದ್ದಾರಿಯಲ್ಲೇ ಹೋಗಬೇಕು. ಊರು ದಾಟಿದ್ದೇ ತಡ, ದೊಡ್ಡ ಬೈಕುಗಳೆಲ್ಲ ಕಣ್ಮರೆ. ನಾನು ತಲುಪುವಷ್ಟರಲ್ಲಿ ಅವರ ಚಹಾ ಮುಗಿದು, ಫೋಟೋನೂ ಆಗಿತ್ತು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ಆದರೆ ಎಲ್ಲಿದ್ದೆ, ಏನಾಯ್ತು ಅಂತ ಯಾರೂ ಕೇಳಲೂ ಇಲ್ಲ. ಇದು ನನ್ನ ಜಾಗ ಅಲ್ಲ ಅಂತ ಅಲ್ಲೇ ಗೊತ್ತಾಯಿತು.

ಈಗಿನ ಗುಂಪು ಸಿಕ್ಕಿದ್ದು ಚಾಂದನಿ ಚೌಕದ ಹತ್ತಿರ. ಹೊರಡುವ ಮುಂಚೆ ಅವರ ಕ್ಯಾಪ್ಟನ್ ಕೇಳಿದ ಮೊದಲ ಪ್ರಶ್ನೆ, "ಇವತ್ತು ಹೊಸಬರು ಯಾರು? ಸಣ್ಣ ಬೈಕ್ ಯಾರದು?" ನಾನು ಕೈ ಎತ್ತಿದೆ. ನನ್ನನ್ನು ಕರೆದು ಲೀಡ್, ಅಂದರೆ ಎಲ್ಲರಿಗಿಂತ ಮುಂದೆ ಹೋಗುವವನ ಬೈಕಿನ ಹಿಂದೆಯೇ ನಿಲ್ಲಿಸಿದರು. ಇದರ ಹಿಂದೆ ಒಂದು ಲೆಕ್ಕ ಇದೆ. ನಿಧಾನದವರು ಲೀಡಿನ ಕನ್ನಡಿಯಲ್ಲಿ ಯಾವಾಗಲೂ ಕಾಣುತ್ತಿದ್ದರೆ ಲೀಡ್ ಅವರ ವೇಗಕ್ಕೆ ಓಡಿಸುತ್ತಾನೆ. ಅವನು ಹಾಗೆ ಓಡಿಸಿದರೆ ಇಡೀ ಸಾಲು ಹಾಗೇ ಬರುತ್ತದೆ. ಅದೇ ಸಣ್ಣ ಬೈಕನ್ನು ಹಿಂದಕ್ಕೆ ಹಾಕಿದರೆ ಮುಂದಿನವರ ಜೊತೆ ಕೂಡಿಕೊಳ್ಳುವ ಅವಸರದಲ್ಲಿ ಹೊಸಬರು ತಮ್ಮ ಕೈಮೀರಿ ಓಡಿಸುತ್ತಾರೆ. ಬೀಳುವುದು ಆಗಲೇ.

ಹಾಗಾಗಿ ಗುಂಪು ಹುಡುಕುವವರಿಗೆ ನಾನು ಹೇಳುವುದು ಇಷ್ಟೇ. ಅವರ ಬೈಕು, ಜಾಕೆಟ್ ನೋಡಬೇಡಿ. ಅತಿ ಸಣ್ಣ ಬೈಕಿನವರನ್ನು ಎಲ್ಲಿ ನಿಲ್ಲಿಸುತ್ತಾರೆ ನೋಡಿ.

ಹೆಣ್ಣುಮಕ್ಕಳದ್ದೇ ಗುಂಪು ಬೇಕು ಅನ್ನುವವರಿಗೂ ಈ ಊರಲ್ಲಿ ದಾರಿ ಇದೆ. ಊರ್ವಶಿ ಪಟೋಲೆ 2011ರಲ್ಲಿ 'ದಿ ಬೈಕರ್ನಿ' ಶುರು ಮಾಡಿದ್ದು ಪುಣೆಯಲ್ಲೇ. ನನ್ನ ಪರಿಚಯದ ಒಂದಿಬ್ಬರಿಗೆ ಧೈರ್ಯ ಬಂದಿದ್ದು ಅಲ್ಲಿಂದಲೇ. ನನಗೆ ಈ ಗುಂಪೇ ಒಗ್ಗಿತು. ಒಂದು ಮಾತು ಮಾತ್ರ ಮೊದಲೇ ಬಾಯಿಬಿಟ್ಟು ಹೇಳಿದ್ದೆ. ನಿಲ್ಲುವ ಜಾಗದಲ್ಲಿ ಶುಚಿಯಾದ ಟಾಯ್ಲೆಟ್ ಇರಬೇಕು. ಘಾಟಿನ ರಸ್ತೆಯಲ್ಲಿ ಗಂಡಸರಿಗೆ ಇದು ಹೊಳೆಯುವುದೇ ಇಲ್ಲ. ಹೇಳಿದ ಮೇಲೆ ಯಾರೂ ಗೊಣಗಲಿಲ್ಲ. ಈಗ ರೂಟ್ ಹಾಕುವಾಗಲೇ ಯಾವ ಬಂಕಿನಲ್ಲಿ ನಿಲ್ಲಬೇಕು ಅಂತ ನನ್ನನ್ನು ಕೇಳುತ್ತಾರೆ. ಕೇಳಲು ಸಂಕೋಚ ಬೇಡ.

ಸಾಲಿನಲ್ಲಿ ಓಡಿಸುವುದನ್ನೂ ಅಲ್ಲೇ ಕಲಿತೆ. ಅಗಲ ರಸ್ತೆಯಲ್ಲಿ ಒಬ್ಬರು ಲೇನಿನ ಬಲಕ್ಕೆ, ಹಿಂದಿನವರು ಎಡಕ್ಕೆ. ನೇರ ಮುಂದಿರುವ ಬೈಕಿಗೂ ನಮಗೂ ಎರಡು ಸೆಕೆಂಡ್ ಅಂತರ. ಘಾಟ್ ಬಂದಾಗ ಲೀಡ್ ಒಂದು ಬೆರಳು ಎತ್ತುತ್ತಾನೆ, ಎಲ್ಲರೂ ಒಂದೇ ಸಾಲು. ರಸ್ತೆಯಲ್ಲಿ ಗುಂಡಿ ಕಂಡರೆ ಆ ಕಡೆಯ ಕಾಲು ಚಾಚಿ ತೋರಿಸಬೇಕು. ನನಗೆ ತುಂಬಾ ಹಿಡಿಸಿದ ನಿಯಮ ಇನ್ನೊಂದಿದೆ. ನಿಮ್ಮ ಹಿಂದಿನ ಬೈಕು ನಿಮ್ಮ ಹೊಣೆ. ಕನ್ನಡಿಯಲ್ಲಿ ಅದು ಕಾಣದಿದ್ದರೆ ನೀವು ನಿಧಾನ ಮಾಡಿ. ನಿಮ್ಮ ಮುಂದಿನವರಿಗೆ ನೀವು ಕಾಣುವುದಿಲ್ಲ, ಅವರೂ ನಿಧಾನ ಮಾಡುತ್ತಾರೆ. ಹೀಗೆ ಸುದ್ದಿ ತಾನಾಗೇ ಲೀಡಿನವರೆಗೆ ಹೋಗುತ್ತದೆ. ಫೋನಿಲ್ಲ, ಹಾರ್ನಿಲ್ಲ. ಗುರುತು ಪರಿಚಯ ಇಲ್ಲದ ಒಬ್ಬರು ಮುಂದೆ ತಮ್ಮ ಕನ್ನಡಿಯಲ್ಲಿ ನನ್ನನ್ನು ಹುಡುಕುತ್ತಿದ್ದಾರೆ ಅನ್ನುವುದೇ ನನಗೆ ಆಗ ಎಷ್ಟು ದೊಡ್ಡ ಸಮಾಧಾನ ಕೊಟ್ಟಿತ್ತು!

ಪೂರ್ತಿ ಅವರಲ್ಲಿ ಒಬ್ಬಳಾಗಿದ್ದು ತಾಮ್ಹಿಣಿ ಘಾಟಿನಲ್ಲಿ. ಜುಲೈ ಮಳೆ. ಪಿರಂಗುಟ್, ಪೌಡ್, ಮುಳ್ಶಿ ದಾಟಿ ಘಾಟಿಗೆ ಬಂದಿದ್ದೆವು. ಹೊಸ ಹುಡುಗನೊಬ್ಬನ ಪಲ್ಸರಿನ ಕ್ಲಚ್ ಕೇಬಲ್ ತುಂಡಾಯಿತು. ಲಿವರಿನಲ್ಲಿ ಕೂರುವ ಕೇಬಲ್ ತುದಿಯ ಲೋಹದ ಗುಂಡಿನ ಬುಡದಲ್ಲೇ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ಸಾಲಿನ ಕೊನೆಯಲ್ಲಿ ಬರುವವರನ್ನು ಸ್ವೀಪ್ ಅನ್ನುತ್ತೇವೆ. ನಮ್ಮ ಸ್ವೀಪ್, ಆಕುರ್ಡಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಕಾಕಾ, ಆಗಲೇ ಬೈಕ್ ಪಕ್ಕಕ್ಕೆ ಹಾಕಿದ್ದರು. ನಾನೂ ನಿಂತೆ. ನನ್ನ ಬೈಕಿನಲ್ಲಿ ಹಳೇ ಕೇಬಲಿನ ಪಕ್ಕದಲ್ಲೇ ಒಂದು ಸ್ಪೇರ್ ಎಳೆದು ಟೇಪ್ ಸುತ್ತಿಟ್ಟಿರುತ್ತೇನೆ. ಟೇಪ್ ಕತ್ತರಿಸಿ ಅದನ್ನೇ ತೆಗೆದೆ.

ಕಾಕಾ ರೇನ್‌ಕೋಟ್ ಅಗಲಿಸಿ ನಮ್ಮ ತಲೆಮೇಲೆ ಹಿಡಿದರು. ಕೇಬಲ್ ಬಿಗಿ ಸಡಿಲ ಮಾಡುವ ಅಡ್ಜಸ್ಟರ್ ತಿರುಗಿಸುತ್ತಾ ಅದರ ಸೀಳು, ನಟ್ಟಿನ ಸೀಳು, ಲಿವರಿನ ಸೀಳು ಮೂರೂ ಒಂದೇ ಗೆರೆಗೆ ತಂದರೆ ಕೇಬಲ್ ಸಲೀಸಾಗಿ ಕೂರುತ್ತದೆ. ಬೆರಳು ಮರಗಟ್ಟಿ ಆ ನಟ್ಟು ಮತ್ತೆ ಮತ್ತೆ ಜಾರುತ್ತಿತ್ತು. "ಸಾವಕಾಶ, ತಾಈ (ಅಕ್ಕಾ), ಸಾವಕಾಶ" ಅನ್ನುತ್ತಲೇ ಇದ್ದರು ಕಾಕಾ. ಕೆಳಗಿನ ತುದಿ ಸಿಕ್ಕಿಸಿ, ಲಿವರಿನಲ್ಲಿ ಚೂರು ಸಡಿಲ ಬಿಟ್ಟು, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ. ಎಳೆತ ಇರಲಿಲ್ಲ. ಹುಡುಗ ಸ್ಟಾರ್ಟ್ ಮಾಡಿ ಗೇರ್ ಹಾಕಿದಾಗ ಕಾಕಾ ನನ್ನ ಹೆಲ್ಮೆಟ್ ಮೇಲೆ ಎರಡು ಸಲ ತಟ್ಟಿದರು. ಮುಂದೆ ತಿರುವಿನಲ್ಲಿ ಇಡೀ ಗುಂಪು ಮಳೆಯಲ್ಲೇ ಕಾಯುತ್ತಿತ್ತು.

ಮುಂದಿನ ರೈಡಿನಲ್ಲಿ ಕಾಕಾ ತಮ್ಮ ಹಳದಿ ಸ್ವೀಪ್ ಜಾಕೆಟ್ ತೆಗೆದು ನನ್ನ ಕೈಗಿಟ್ಟರು. ನನ್ನ ಕಣ್ಣು ಈಗ ಕತ್ತಲಲ್ಲಿ ಸರಿಯಾಗಿ ಕಾಣಲ್ಲ, ನೀನೇ ನೋಡಿಕೋ ಅಂದರು. ಅವತ್ತಿಂದ ಕೊನೇ ಜಾಗ ನನ್ನದು. ಸ್ವೀಪ್ ಯಾರನ್ನೂ ಓವರ್‌ಟೇಕ್ ಮಾಡುವ ಹಾಗಿಲ್ಲ. ಪಂಕ್ಚರ್ ಕಿಟ್, ಸ್ಪ್ಯಾನರ್, ಪ್ರಥಮ ಚಿಕಿತ್ಸೆ ಡಬ್ಬಿ ಅವಳ ಹತ್ತಿರ ಇರಬೇಕು. ಯಾರು ನಿಂತರೂ ಅವಳು ನಿಲ್ಲಬೇಕು. ನನ್ನ ಮರಾಠಿ ಸುಧಾರಿಸಿದ್ದೂ ಹೀಗೇ, ರಸ್ತೆ ಪಕ್ಕ ನಿಂತು ಚೈನು, ಟ್ಯೂಬು, ಮನೆ, ಮಕ್ಕಳು ಅಂತ ಮಾತಾಡಿ ಮಾತಾಡಿ. ಕ್ಲಾಸಿಗೆ ಹೋಗಿದ್ದರೆ ಇಷ್ಟು ಬರುತ್ತಿರಲಿಲ್ಲ.

ನಂಬರ್ ಪ್ಲೇಟಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಬೇಕು. ಊರಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿನ ಎಂಎಚ್-14 ಮಾಡಿಸಿದೆ. ಗುಂಪಿನವರೇ ಜೊತೆಗೆ ಬಂದು ಕಾಗದಪತ್ರ ತುಂಬಿಸಿದರು.

ಆಮೇಲೆ ಒಂದು ಚಳಿಗಾಲ ಎಲ್ಲರನ್ನೂ ಬೆಳಗಾವಿಗೆ ಕರೆದೊಯ್ದೆ. ಖಂಬಾಟ್ಕಿ ಘಾಟ್ ಹತ್ತಿಳಿದು, ಸಾತಾರಾ, ಕೊಲ್ಹಾಪುರ, ಕಾಗಲ್ ದಾಟಿದ ಮೇಲೆ ಕೊಗನೊಳ್ಳಿ ಟೋಲ್. ಅಲ್ಲಿ ಕ್ಯಾಪ್ಟನ್ ಬೈಕ್ ನಿಲ್ಲಿಸಿ, "ಇಲ್ಲಿಂದ ಲೀಡ್ ನಿಂದು" ಅಂದ. ಹಳದಿ ಜಾಕೆಟ್ ಅವನು ಹಾಕಿಕೊಂಡು ಹಿಂದೆ ಹೋದ. ನಿಪ್ಪಾಣಿ, ಸಂಕೇಶ್ವರ ದಾರಿಯಲ್ಲಿ ಕನ್ನಡ ಬೋರ್ಡು ಓದುತ್ತಾ ನಾನು ಮುಂದೆ, ಅವರೆಲ್ಲ ನನ್ನ ಕನ್ನಡಿಯಲ್ಲಿ. ಬೆಳಗಾವಿಯಲ್ಲಿ ಕುಂದಾ ಕಟ್ಟಿಸಿಕೊಳ್ಳುವಾಗ ಕಾಕಾ ಅಂಗಡಿಯವರಿಗೆ "ಇವಳು ನಮ್ಮ ಮನೆ ಹುಡುಗಿ" ಅಂತ ಮರಾಠಿಯಲ್ಲಿ ಹೇಳಿದರು. ಅಂಗಡಿಯವರು ನನ್ನ ಕನ್ನಡ ಕೇಳಿ, "ಅಲ್ಲರೀ, ನಮ್ಮ ಮನೀ ಹುಡುಗಿ" ಅಂದರು. ನನಗೆ ಎರಡೂ ಬೇಕು.

ಬರುವ ಮನಸ್ಸಿದ್ದವರು ಹಿಂದಿನ ರಾತ್ರಿಯೇ ಟ್ಯಾಂಕ್ ತುಂಬಿಸಿ, ಟೈರಿನ ಗಾಳಿ ನೋಡಿ, ಚೈನಿಗೆ ಎಣ್ಣೆ ಬಿಡಿ. ಐಎಸ್‌ಐ ಗುರುತಿನ ಹೆಲ್ಮೆಟ್, ಪಾದ ಪೂರ್ತಿ ಮುಚ್ಚುವ ಶೂ ಇರಲಿ. ನಿಮ್ಮ ಬೈಕಿಗೆ ಹೊಂದುವ ಒಂದು ಕ್ಲಚ್ ಕೇಬಲ್ ತಂದರೆ ಇನ್ನೂ ಒಳ್ಳೆಯದು. ಬೈಕ್ ಸಣ್ಣದಾದರೆ ಬಂದ ತಕ್ಷಣ ಹೇಳಿ, ಲೀಡಿನ ಹಿಂದೆ ಜಾಗ ಇಡುತ್ತೇವೆ.