ರೂಮು ಮಾಡೋ ಹುಡುಗ ಹುಡುಗೀರಿಗೆ: ಮೊದಲು ಸಿಲಿಂಡರ್ ನೋಡೋದು ಕಲೀರಿ

ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿ ಕೆಲಸಕ್ಕೆ ಸೇರಿ ಮೊದಲ ಸಲ ರೂಮು ಮಾಡ್ತಿರೋರು ಗುಂಪಲ್ಲಿ ಬಹಳ ಜನ ಇದ್ದೀರಿ. ಅಡುಗೆ ಹೇಗೋ ಬರುತ್ತೆ; ನಮ್ಮ ಕೋಲಾರದಲ್ಲಿ ಟೊಮೆಟೊ ಗೊಜ್ಜು ಮಾಡೋಕೆ ಬರದೋರು ಯಾರು! ಗ್ಯಾಸ್ ವಿಷಯಕ್ಕೆ ಮಾತ್ರ ಅಂದಾಜು ಬೇಡ.

ಸಿಲಿಂಡರ್ ಇಳಿಸಿಕೊಳ್ಳುವಾಗ ಹಿಡಿಕೆಗೆ ಆಧಾರವಾಗಿರೋ ಪಟ್ಟಿಗಳ ಒಳಮೈ ನೋಡಿ. ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಇಸವಿ ಇರುತ್ತೆ. ಎ ಅಂದ್ರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಸಿ-28 ಅಂತಿದ್ರೆ 2028ರ ಸೆಪ್ಟೆಂಬರ್ ಒಳಗೆ ಅದರ ಮುಂದಿನ ಪರೀಕ್ಷೆ ಆಗಬೇಕು. ಅವಧಿ ದಾಟಿದ್ರೆ ಬೇರೆ ಕೊಡಿ ಅನ್ನಿ, ಸಂಕೋಚ ಬೇಡ. ಸೀಲ್ ಸರಿಯಿದೆಯಾ, ವಾಲ್ವ್ ಒಳಗೆ ಕಪ್ಪು ರಬ್ಬರ್ ರಿಂಗ್ ಇದೆಯಾ ಅಂತಲೂ ನೋಡಿ.

ರೆಗ್ಯುಲೇಟರ್ ಹಾಕಿದ ಮೇಲೆ ಸೋಪು ನೀರಿನ ನೊರೆ ಸವರಿ. ಗುಳ್ಳೆ ಎದ್ದರೆ ಸೋರ್ತಿದೆ ಅಂತ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡೋ ಶೂರತನ ಯಾರೂ ತೋರಿಸಬೇಡಿ.

ರಾತ್ರಿ ಶಿಫ್ಟ್ ಮುಗಿಸಿ ಬಂದಾಗ ವಾಸನೆ ಬಂದ್ರೆ ಲೈಟ್ ಸ್ವಿಚ್ ಮುಟ್ಟಬೇಡಿ, ಫ್ಯಾನೂ ಬೇಡ. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆಗೆದು ಹೊರಗೆ ಬನ್ನಿ, ಆಮೇಲೆ 1906ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರೋ ಗ್ಯಾಸ್ ತುರ್ತು ಸಹಾಯವಾಣಿ ಅದು.

ಇನ್ನೊಂದು: ರೂಮಿನ ಅಡ್ವಾನ್ಸ್ ಕೈಗೆ ಕೊಡಬೇಡಿ, ಬ್ಯಾಂಕ್ ಖಾತೆಗೇ ಹಾಕಿ. ಓನರ್ ಎಷ್ಟೇ ಒಳ್ಳೆಯೋರಾಗಿರಲಿ.