ಅಪೊನ್ಯೂರೋಸಿಸ್ ಅಂದರೇನು? ನಿಮ್ಮ ಮೈಯಲ್ಲೇ ಮುಟ್ಟಿ ನೋಡಿ

ದೀಪಾವಳಿಗೆ ಬರಿಗಾಲಲ್ಲಿ ದೇವೀರಮ್ಮನ ಬೆಟ್ಟ ಹತ್ತಿ ಇಳಿದು, ಆಮೇಲೆ ಹಿಮ್ಮಡಿ ಊರೋಕೇ ಆಗ್ತಿಲ್ಲ ಅನ್ನುವವರು ಚಿಕ್ಕಮಗಳೂರಲ್ಲಿ ಯಾವಾಗಲೂ ಸಿಗುತ್ತಾರೆ. ಇಂಥವರು ಸ್ಕ್ಯಾನ್ ಮಾಡಿಸಿದರೆ ರಿಪೋರ್ಟ್‌ನಲ್ಲಿ ‘ಪ್ಲಾಂಟರ್ (ಅಂದರೆ ಅಂಗಾಲಿನ) ಅಪೊನ್ಯೂರೋಸಿಸ್ ದಪ್ಪಗಾಗಿದೆ’ ಅಂತ ಬರಬಹುದು. ‘ನ್ಯೂರೋ’ ಕಂಡ ಕೂಡಲೇ ಗಾಬರಿಯಾಗಬೇಡಿ. ಅಪೊನ್ಯೂರೋಸಿಸ್ ಅನ್ನೋದು ನರದ ಕಾಯಿಲೆಯ ಹೆಸರಲ್ಲ, ಯಾವ ಕಾಯಿಲೆಯ ಹೆಸರೂ ಅಲ್ಲ. ಎಲ್ಲರ ಮೈಯಲ್ಲೂ ಇರುವ ಬಿಳಿ, ಗಟ್ಟಿ ನಾರಿನ ಹಾಳೆ. ಮಾಂಸಖಂಡದ ತುದಿ ಹಗ್ಗದ ಹಾಗೆ ಉರುಟಾಗಿದ್ದರೆ ಟೆಂಡನ್, ಅಗಲವಾಗಿ ಹರಡಿದ್ದರೆ ಅಪೊನ್ಯೂರೋಸಿಸ್.

ಹಾಗಾದರೆ ‘ನ್ಯೂರೋ’ ಎಲ್ಲಿಂದ ಬಂತು? ಹಳೇ ಗ್ರೀಕರಿಗೆ ‘ನ್ಯೂರಾನ್’ ಅಂದರೆ ಮೊದಲು ನಾರು, ಬಿಲ್ಲಿನ ಹೆದೆ. ಕ್ರಿ.ಪೂ. 3ನೇ ಶತಮಾನದ ಹೊತ್ತಿಗೆ ಅಲೆಕ್ಸಾಂಡ್ರಿಯಾದ ಹೆರೋಫಿಲಸ್‌ನಂಥ ವೈದ್ಯರು ನರಗಳನ್ನು ಬೇರೆಯಾಗಿ ಗುರುತಿಸಿದರು, ಆದರೆ ಹೆಸರು ಮಾತ್ರ ಅದೇ ಉಳಿಯಿತು. ‘ಅಪೊ’ ಅಂದರೆ ‘ಅಲ್ಲಿಂದ ಆಚೆಗೆ’. ಒಟ್ಟಿನಲ್ಲಿ ಮಾಂಸ ಮುಗಿದು ನಾರಾಗುವ ಜಾಗ. ನಾವೂ ಅಷ್ಟೇ ಅಲ್ವಾ, ಏನು ಎಳೆದುಕೊಂಡರೂ ‘ನರ ಹಿಡ್ಕೊಂಡಿದೆ’ ಅಂತೀವಿ. ಇನ್ನೊಂದು ಮಜಾ ಏನಂದ್ರೆ, ಸಂಸ್ಕೃತದ ‘ಸ್ನಾಯು’ವಿಗೂ ಈ ‘ನ್ಯೂರಾನ್’ಗೂ ಮೂಲ ಬೇರು ಒಂದೇ. ಈಗ ಸ್ನಾಯು ಅಂದರೆ ನಮಗೆ ಮಾಂಸಖಂಡ, ಆದರೆ ಸುಶ್ರುತ ಸಂಹಿತೆಯಲ್ಲಿ ಅದು ಕಟ್ಟಿ ಹಿಡಿಯುವ ನಾರು. ಅಲ್ಲಿ ಹೇಳಿರುವ 4 ಬಗೆಯಲ್ಲಿ ಅಗಲವಾದದ್ದೂ ಒಂದು, ಅದರ ಜಾಗ ಪಕ್ಕೆ, ಎದೆ, ಬೆನ್ನು, ತಲೆ.

ತಲೆಯಿಂದಲೇ ಶುರು ಮಾಡಿ. ನೆತ್ತಿ ಮೇಲೆ ಅಂಗೈ ಇಟ್ಟು ಹುಬ್ಬು ಎತ್ತಿ ಇಳಿಸಿ. ಚರ್ಮದ ಜೊತೆ ಜಾರುವ ಪದರ ಇದೆಯಲ್ಲ, ಅದೇ ಅಪೊನ್ಯೂರೋಸಿಸ್. ಹಣೆಯ ಮಾಂಸವನ್ನೂ ಹಿಂದಲೆಯ ಮಾಂಸವನ್ನೂ ಅದು ಜೋಡಿಸುತ್ತದೆ. ಅಂಗೈಯಲ್ಲೂ ಒಂದಿದೆ, ಹೊಟ್ಟೆಯಲ್ಲಂತೂ ಪದರ ಪದರ. ಇನ್ನು ಪಾದ. ಕೂತು ಒಂದು ಕಾಲನ್ನು ಇನ್ನೊಂದು ತೊಡೆಯ ಮೇಲೆ ಹಾಕಿ, ಹೆಬ್ಬೆರಳನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಎಳೆಯಿರಿ, ಇನ್ನೊಂದು ಕೈಯಿಂದ ಅಂಗಾಲಿನ ನಡುವೆ ಒತ್ತಿದರೆ ಬಿಗಿಯಾದ ಪಟ್ಟಿ ಸಿಗುತ್ತದೆ. ಹೆಜ್ಜೆ ಎತ್ತುವಾಗ ಬೆರಳು ಮೇಲಕ್ಕೆ ಬಾಗಿದ ಕೂಡಲೇ ಈ ಪಟ್ಟಿ ಬಿಗಿದು ಪಾದದ ಕಮಾನನ್ನು ಎತ್ತುತ್ತದೆ. 1954ರಲ್ಲಿ ಹಿಕ್ಸ್ ಎಂಬುವರು ಇದನ್ನು ವಿವರಿಸಿದರು.

ಹಿಮ್ಮಡಿ ನೋವಿದ್ದವರಿಗೆ ಇದೇ ವ್ಯಾಯಾಮ. ಬೆಳಿಗ್ಗೆ ನೆಲಕ್ಕೆ ಕಾಲಿಡುವ ಮೊದಲು 10 ಸೆಕೆಂಡ್ ಎಳೆದು ಬಿಡಿ, 10 ಸಲ. ಈ ಪಟ್ಟಿಗೆ ರಕ್ತ ಹರಿಯೋದು ಕಡಿಮೆ, ವಾಸಿಯಾಗೋಕೆ ತಿಂಗಳುಗಳೇ ಬೇಕು, ಎರಡು ದಿನ ಮಾಡಿ ಸುಮ್ನೆ ಬಿಡಬೇಡಿ. ಪಾದ ಜುಮುಗುಟ್ಟಿದರೆ, ಮರಗಟ್ಟಿದರೆ ಮಾತ್ರ ನಿಜವಾಗಿ ನರದ ವಿಷಯ ಇರಬಹುದು. ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರು ತಡ ಮಾಡದೆ ತೋರಿಸಿ.